ರೇಡಿಯೋಹೆಡ್ ಕೇಳುವವರೇ, ಒಬ್ಬೊಬ್ಬರ ಸೈಡ್ ಪ್ರಾಜೆಕ್ಟ್ ಎಲ್ಲಿಂದ ಶುರು ಮಾಡಲಿ?

ಸುಂಟಿಕೊಪ್ಪದ_ಕಿವಿ:
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯವರು ಇಲ್ಲಿ ಕೆಲವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ರಾಕ್ ಬ್ಯಾಂಡ್ ರೇಡಿಯೋಹೆಡ್‌ನ ಒಂಬತ್ತೂ ಆಲ್ಬಮ್ ನನಗೆ ಹೆಚ್ಚುಕಡಿಮೆ ಬಾಯಿಪಾಠ. ಕೊನೆಯದು 'ಎ ಮೂನ್ ಶೇಪ್ಡ್ ಪೂಲ್', 2016ರದ್ದು. ಆಮೇಲೆ ಬ್ಯಾಂಡ್ ಹೆಸರಲ್ಲಿ ಹೊಸ ಆಲ್ಬಮ್ ಬಂದಿಲ್ಲ. 2025ರ ಕೊನೆಯಲ್ಲಿ ಯುರೋಪಿನ ಐದು ಊರುಗಳಲ್ಲಿ ಐವರೂ ಒಟ್ಟಿಗೆ ನುಡಿಸಿದರು, ಅದೂ ಏಳು ವರ್ಷದ ಮೇಲೆ.

ಆದರೆ ಸುಮ್ನೆ ಕೂತವರು ಒಬ್ಬರೂ ಇಲ್ಲ. ಹಾಡುಗಾರ ಟಾಮ್ ಯಾರ್ಕ್ ಒಂಟಿಯಾಗಿ ಮಾಡಿದ್ದೇ ಒಂದು ರಾಶಿ ಇದೆ, ಗಿಟಾರಿಸ್ಟ್ ಜಾನಿ ಗ್ರೀನ್‌ವುಡ್ ಸಿನಿಮಾ ಸಂಗೀತದಲ್ಲಿ ಮುಳುಗಿದ್ದಾರೆ, ಇಬ್ಬರೂ ಸೇರಿ 'ದಿ ಸ್ಮೈಲ್' ಅಂತ ಇನ್ನೊಂದು ಬ್ಯಾಂಡೇ ಕಟ್ಟಿದ್ದಾರೆ, ಉಳಿದ ಮೂವರದ್ದು ಬೇರೆ ಬೇರೆ ಕೆಲಸ. ಎಲ್ಲದರ ಹಿಂದೆ ಓಡೋಕೆ ನನಗೆ ಸಮಯ ಇಲ್ಲ. ಕಾಫಿ ಕುಯ್ಲು ನಡೀತಾ ಇದೆ. ಸಂಜೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವಾಗ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದಷ್ಟೇ ಲೆಕ್ಕ. ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತೆ, ಹಾಗಾಗಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ಯಾವುದು ಮೊದಲು, ಯಾವುದು ಬಿಡಬಹುದು, ಹೇಳಿ. ಇನ್ನೊಂದು ವಿಷಯ, ದಿ ಸ್ಮೈಲ್ ಅಂದ ಕೂಡಲೇ ನನಗೆ ಒಂಥರಾ ಸಿಟ್ಟು. ಐವರಲ್ಲಿ ಮೂವರನ್ನು ಹೊರಗಿಟ್ಟು ಮಾಡಿದ್ದು ಅಲ್ವಾ ಅದು?

ವಿರಾಜಪೇಟೆ_ಬೇಸ್:
ಸಿಟ್ಟು ಬಿಡಿ ಗುರುಗಳೇ. ಅದು ಲಾಕ್‌ಡೌನ್ ಹೊತ್ತಿನಲ್ಲಿ ಶುರುವಾಗಿದ್ದು. ಜಾನಿ ಹತ್ತಿರ ಗಿಟಾರ್ ತುಣುಕುಗಳು ಇದ್ದವು, ಟಾಮ್ ಜೊತೆ ಸೇರಿ ಏನಾದರೂ ಮುಗಿಸೋಣ ಅಂತ ಹೊರಟರು. ಡ್ರಮ್ಸ್‌ಗೆ ಟಾಮ್ ಸ್ಕಿನ್ನರ್ ಬಂದರು. ಇವರು 'ಸನ್ಸ್ ಆಫ್ ಕೆಮೆಟ್' ಅನ್ನೋ ಲಂಡನ್ನಿನ ಜಾಝ್ ಗುಂಪಿನಲ್ಲಿದ್ದವರು. ಆ ಗುಂಪಿನಲ್ಲಿ ಒಂದು ಸ್ಯಾಕ್ಸೋಫೋನ್, ಒಂದು ಟ್ಯೂಬಾ, ಎರಡೆರಡು ಡ್ರಮ್ ಸೆಟ್, ಗಿಟಾರ್ ಹೆಸರಿಗೂ ಇರಲಿಲ್ಲ.

2021ರ ಮೇನಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಆನ್‌ಲೈನ್ ಕಾರ್ಯಕ್ರಮದಲ್ಲಿ ಮೊದಲು ಕಾಣಿಸಿಕೊಂಡರು. ಮುಂದಿನ ವರ್ಷ 'ಎ ಲೈಟ್ ಫಾರ್ ಅಟ್ರಾಕ್ಟಿಂಗ್ ಅಟೆನ್ಶನ್', ಮತ್ತೆ 2024ರಲ್ಲಿ ಒಂದೇ ವರ್ಷ ಎರಡು, ಜನವರಿಗೆ 'ವಾಲ್ ಆಫ್ ಐಝ್', ಅಕ್ಟೋಬರ್‌ಗೆ 'ಕಟೌಟ್ಸ್'. ರೇಡಿಯೋಹೆಡ್‌ಗೆ ಒಂದು ಆಲ್ಬಮ್ ಮಾಡೋಕೆ ನಾಲ್ಕೈದು ವರ್ಷ ಬೇಕಾಗುತ್ತಿತ್ತು, ನೆನಪಿದೆಯಲ್ಲ? ಮೂರೇ ಜನ ಇದ್ದರೆ ಚರ್ಚೆ ಕಡಿಮೆ, ಕೆಲಸ ಜಾಸ್ತಿ. ನನ್ನ ಪ್ರಕಾರ ಮೊದಲ ಆಲ್ಬಮ್‌ನಿಂದ ಶುರು ಮಾಡಿ. ಮಿಕ್ಕಿದ್ದೆಲ್ಲ ಆಮೇಲೆ.

ಕಾಫಿಕಣ:
ನಾನು ಒಪ್ಪಲ್ಲ. ದಿ ಸ್ಮೈಲ್ ಹೇಗಿದ್ದರೂ ನಿಮ್ಮ ಕಿವಿಗೆ ಬಂದೇ ಬರುತ್ತದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಹುಡುಕಿ ಕೇಳಬೇಕಾದ್ದು ಉಳಿದವರದ್ದು.

ಫಿಲಿಪ್ ಸೆಲ್ವೇ ರೇಡಿಯೋಹೆಡ್‌ನ ಡ್ರಮ್ಮರ್, ಆದರೆ ಸ್ವಂತ ಆಲ್ಬಮ್‌ಗಳಲ್ಲಿ ಹಾಡುತ್ತಾರೆ. 2010ರ 'ಫೆಮಿಲಿಯಲ್' ಕೇಳಿದರೆ ಡ್ರಮ್ಮರ್ ಮಾಡಿದ್ದು ಅಂತ ಯಾರೂ ಹೇಳಲ್ಲ, ಅಷ್ಟು ಮೆಲ್ಲಗಿನ ಗಿಟಾರ್, ಅಷ್ಟು ಸಣ್ಣ ದನಿ. ಆಮೇಲೆ 'ವೆದರ್‌ಹೌಸ್', 2023ರಲ್ಲಿ 'ಸ್ಟ್ರೇಂಜ್ ಡಾನ್ಸ್'. ಇವರನ್ನು ಕೇಳಿ ಮುಗಿಸಿ ತಕ್ಷಣ ಸ್ಕಿನ್ನರ್ ನುಡಿಸಿದ್ದನ್ನು ಕೇಳಿ. ಸ್ಕಿನ್ನರ್ ತಾಳದ ಸುತ್ತ ಸುತ್ತಾಡುತ್ತಾರೆ, ಎಲ್ಲೋ ಜಾರಿದ ಹಾಗೆ ಮಾಡಿ ಸರಿಯಾಗಿ ಬಂದು ನಿಲ್ಲುತ್ತಾರೆ. ಸೆಲ್ವೇ ಅಲುಗಾಡಲ್ಲ, ಅವರ ಮೇಲೆ ಉಳಿದ ನಾಲ್ವರು ಏನು ಬೇಕಾದರೂ ಹೊರಿಸಬಹುದು. ಅದೇ ಎರಡೂ ಬ್ಯಾಂಡ್‌ಗೆ ಇರುವ ವ್ಯತ್ಯಾಸ. ಹಾಡುವವರು ಒಬ್ಬರೇ ಆದರೂ ಅದು ಬೇರೆ ಬ್ಯಾಂಡ್.

ಇನ್ನೊಬ್ಬ ಗಿಟಾರಿಸ್ಟ್ ಎಡ್ ಒಬ್ರಿಯನ್ ಅವರದ್ದು 'ಅರ್ಥ್', 2020ರ ಏಪ್ರಿಲ್. ಪಾಪ, ಸರಿಯಾಗಿ ಕೊರೊನಾ ಹೊತ್ತಿಗೆ ಬಂತು. ಸಂಸಾರ ಸಮೇತ ಬ್ರೆಜಿಲ್‌ನಲ್ಲಿ ಇದ್ದು ಬಂದವರು, ಅಲ್ಲಿನ ಗಾಳಿ ಆ ಹಾಡುಗಳಲ್ಲಿ ಇದೆ. ಆಲ್ಬಮ್ ನನಗೆ ಪೂರ್ತಿ ಹಿಡಿಸಲಿಲ್ಲ, ನಡುವೆ ಎಳೆಯುತ್ತದೆ. ಆದರೆ ಅವರ ದನಿ ಒಮ್ಮೆ ಪರಿಚಯ ಆದಮೇಲೆ ರೇಡಿಯೋಹೆಡ್‌ನ 'ಇನ್ ರೇನ್‌ಬೋಸ್' ಮತ್ತೆ ಹಾಕಿ ನೋಡಿ, ಟಾಮ್ ಹಿಂದೆ ಇನ್ನೊಂದು ದನಿ ಬರುತ್ತದಲ್ಲ, ಅದು ಎಡ್. ಇಷ್ಟು ವರ್ಷ ಕೇಳಿದ ಹಾಡಿನಲ್ಲಿ ಒಬ್ಬ ಮನುಷ್ಯ ಎದ್ದು ನಿಂತ ಹಾಗಾಗುತ್ತದೆ.

ಕಾಲಿನ್ ಗ್ರೀನ್‌ವುಡ್ ಸ್ವಂತ ಆಲ್ಬಮ್ ಮಾಡಿಲ್ಲ. ಆಸ್ಟ್ರೇಲಿಯಾದ ಹಾಡುಗಾರ ನಿಕ್ ಕೇವ್ ಜೊತೆ ಬೇಸ್ ನುಡಿಸುತ್ತಾ ತಿರುಗಾಡಿದರು, ಬ್ಯಾಂಡ್‌ನವರ ಫೋಟೋಗಳ ಪುಸ್ತಕ ತಂದರು. ಬೇಸ್‌ನವರು ಹಾಗೇ, ಅಲ್ವಾ ವಿರಾಜಪೇಟೆಯವರೇ?

ವಿರಾಜಪೇಟೆ_ಬೇಸ್:
ಹೌದು, ನಮ್ಮನ್ನು ಕೇಳುವವರು ಯಾರೂ ಇಲ್ಲ. 😄

ಪೊನ್ನಂಪೇಟೆ_ಅಕ್ಕ:
ಇಷ್ಟು ಜನ ಬರೆದರೂ 'ಜುನೂನ್' ಆಲ್ಬಮ್ ಹೆಸರು ಯಾರೂ ಎತ್ತಲಿಲ್ಲವಲ್ಲ! ತಮ್ಮಾ, ನೀನು ಅದರಿಂದಲೇ ಶುರು ಮಾಡು. ಜಾನಿ ಗ್ರೀನ್‌ವುಡ್ ನಮ್ಮ ದೇಶಕ್ಕೇ ಬಂದು ಮಾಡಿದ್ದು, ಜೋಧಪುರದ ಮೆಹರಾನ್‌ಗಢ ಕೋಟೆಯೊಳಗೆ. ಹಾಡುಗಳನ್ನು ಕಟ್ಟಿದವರು ಶೈ ಬೆನ್ ಜೂರ್, ಇಸ್ರೇಲಿನವರು, ಭಾರತದಲ್ಲಿ ವರ್ಷಗಟ್ಟಲೆ ಇದ್ದು ಕವ್ವಾಲಿ ಕಲಿತವರು. ಜೊತೆಗೆ ರಾಜಸ್ಥಾನದ ಕವ್ವಾಲರು, ತುತ್ತೂರಿಯವರು, ಡೋಲಿನವರು. ರೇಡಿಯೋಹೆಡ್‌ನ ಆಲ್ಬಮ್‌ಗಳನ್ನು ಮಾಡುವ ನೈಜೆಲ್ ಗಾಡ್ರಿಚ್ ಅವರೇ ರೆಕಾರ್ಡ್ ಮಾಡಿದರು. 2015ರಲ್ಲಿ ಬಂತು. ಸಿನಿಮಾ ನಿರ್ದೇಶಕ ಪಾಲ್ ಥಾಮಸ್ ಆಂಡರ್ಸನ್ ಇದರ ಮೇಲೆ ಒಂದು ಸಾಕ್ಷ್ಯಚಿತ್ರವೂ ಮಾಡಿದ್ದಾರೆ, ಒಂದು ಗಂಟೆ ಕೂಡ ಇಲ್ಲ. ರೆಕಾರ್ಡಿಂಗ್ ನಡುವೆ ಕರೆಂಟ್ ಹೋಗುತ್ತದೆ, ಕೋಣೆಯೊಳಗೆ ಪಾರಿವಾಳ ಹಾರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಕೊಡಗಿನವರಿಗೆ ಇದರಲ್ಲಿ ಹೊಸದೇನಿಲ್ಲ ಬಿಡು.

ನನಗೆ ಹಿಡಿಸಿದ್ದು ಜಾನಿ ಕೂತ ಜಾಗ. ಮುಂದೆ ಬರುವುದೇ ಇಲ್ಲ. ಮೂಲೆಯಲ್ಲಿ ತಲೆ ಬಗ್ಗಿಸಿ ಗಿಟಾರ್ ನುಡಿಸುತ್ತಾ ಇರುತ್ತಾರೆ, ಕೂದಲು ಮುಖದ ಮೇಲೆ. ತುತ್ತೂರಿಗಳು ಎದ್ದಾಗ ನಮ್ಮ ಮದುವೆ ಮನೆಯ ವಾಲಗ ಶುರುವಾದ ಹಾಗೆಯೇ ಕಾಲು ತಾನಾಗಿ ಎದ್ದು ಹೋಗುತ್ತದೆ. ನಮ್ಮ ಅತ್ತೆಗೆ ಹಾಕಿ ತೋರಿಸಿದೆ, ರೇಡಿಯೋಹೆಡ್ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ, 'ಇನ್ನೊಂದ್ಸಲ ಹಾಕು' ಅಂದರು.

ಮಡಿಕೇರಿ_ಟು_ಮೆಜೆಸ್ಟಿಕ್:
ಅಕ್ಕ ಹೇಳಿದ್ದು ಸರಿ. ನಾನು ಎರಡು ಮಾತು ಸೇರಿಸುತ್ತೇನೆ.

ಒಂದು, ಹುಡುಕುವ ರೀತಿ. ರೇಡಿಯೋಹೆಡ್ ಅಂತ ಹುಡುಕಿದರೆ ಇದರಲ್ಲಿ ಅರ್ಧ ಸಿಗಲ್ಲ. ಎಡ್ ಆಲ್ಬಮ್ 'ಇಒಬಿ' (EOB) ಅನ್ನೋ ಹೆಸರಲ್ಲಿ ಇದೆ. ಜಾನಿ ಕೆಲಸ ಸಿನಿಮಾ ಹೆಸರಿನ ಕೆಳಗೆ ಇರುತ್ತದೆ, 'ದೇರ್ ವಿಲ್ ಬಿ ಬ್ಲಡ್', 'ಫ್ಯಾಂಟಮ್ ಥ್ರೆಡ್' ಹೀಗೆ. ಟಾಮ್ 'ಆಟಮ್ಸ್ ಫಾರ್ ಪೀಸ್' ಅನ್ನೋ ಬ್ಯಾಂಡ್ ಕಟ್ಟಿ 2013ರಲ್ಲಿ ಆಲ್ಬಮ್ ತಂದರಲ್ಲ, ಅದರಲ್ಲಿ ಬೇಸ್ ನುಡಿಸಿದ್ದು ಅಮೆರಿಕದ ಬ್ಯಾಂಡ್ ರೆಡ್ ಹಾಟ್ ಚಿಲಿ ಪೆಪರ್ಸ್‌ನ ಫ್ಲೀ. ಪ್ರತಿ ಆಲ್ಬಮ್‌ನಲ್ಲೂ ಯಾರು ಏನು ನುಡಿಸಿದರು ಅನ್ನೋದನ್ನು ಓದಿ, ಅಲ್ಲಿಂದ ಮುಂದಿನದಕ್ಕೆ ದಾರಿ ಸಿಗುತ್ತದೆ. ಬ್ಯಾಂಡ್‌ನವರು 2020ರಲ್ಲಿ ತಮ್ಮ ವೆಬ್‌ಸೈಟನ್ನೇ ಲೈಬ್ರರಿ ಮಾಡಿ ಹಳೇ ವಿಡಿಯೋ ಎಲ್ಲ ಹಾಕಿದ್ದಾರೆ, ಬಿಟ್ಟಿಯಾಗಿ ನೋಡಬಹುದು.

ಎರಡನೇದು, ಈ ಚಟ ಆಕ್ಸ್‌ಫರ್ಡ್ ಬ್ಯಾಂಡ್‌ಗಳಿಗೆ ಮಾತ್ರ ಯಾಕೆ? ಬೆಂಗಳೂರಿನ ಬ್ಯಾಂಡ್ ಸ್ವರಾತ್ಮ ಕೇಳಿದ್ದೀರಲ್ಲ. ಅದರ ಹಾಡುಗಾರ ವಾಸು ದೀಕ್ಷಿತ್ ತಮ್ಮದೇ ಕಲೆಕ್ಟಿವ್, ಅಂದರೆ ಬೇರೆ ಗುಂಪು, ಕಟ್ಟಿಕೊಂಡು ದಾಸರ ಪದ, ಜನಪದ ಹಾಡುತ್ತಾರೆ. ಡ್ರಮ್ಸ್ ನುಡಿಸುತ್ತಿದ್ದ ಮಾಂಟ್ರಿ ಮ್ಯಾನುಯಲ್ 'ತಾಳವಟ್ಟಂ' ಅಂತ ಒಬ್ಬರೇ ಮಾಡುತ್ತಾರೆ, ಬಿಸಾಡಿದ ಸಾಮಾನುಗಳಿಂದ ವಾದ್ಯ ಕಟ್ಟಿ. ಇವರದ್ದು ಬೆಂಗಳೂರಿಗೆ ಬಸ್ ಹತ್ತಿದರೆ ಕಣ್ಣಾರೆ ನೋಡಬಹುದು. ಟಾಮ್ ಯಾರ್ಕ್‌ನ ನೋಡೋಕೆ ಬರ್ಲಿನ್‌ಗೆ ಹೋಗಬೇಕು.

ಸುಂಟಿಕೊಪ್ಪದ_ಕಿವಿ:
ಎಲ್ಲರಿಗೂ ಥ್ಯಾಂಕ್ಸ್, ಅಕ್ಕನಿಗೆ ಸ್ವಲ್ಪ ಜಾಸ್ತಿ. ಜುನೂನ್ ಕೇಳಿದೆ. ಪಲ್ಪರ್ ಸದ್ದಿನ ಮೇಲೂ ತುತ್ತೂರಿ ಕೇಳಿಸುತ್ತದೆ, ಇನ್ಯಾವ ಆಲ್ಬಮ್‌ಗೂ ಆ ತಾಕತ್ತು ಇರಲಿಲ್ಲ. ಫೆಮಿಲಿಯಲ್ ಮಾತ್ರ ಅಲ್ಲಿ ಆಗಲ್ಲ, ಪೂರ್ತಿ ಮುಳುಗಿ ಹೋಯಿತು. ಅದನ್ನು ರಾತ್ರಿ ಮನೆಯಲ್ಲಿ ಕೇಳಬೇಕು. ಕಾಫಿಕಣದವರು ಹೇಳಿದ ಎಡ್ ದನಿ ಸಿಕ್ಕಿತು, ಈಗ ಬೇಡ ಅಂದರೂ ಅದೇ ಕೇಳಿಸುತ್ತಿದೆ. ದಿ ಸ್ಮೈಲ್ ಕೂಡ ಡೌನ್‌ಲೋಡ್ ಆಗಿದೆ, ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ನೋಡೋಣ.

ಟಾಮ್ 2025ರಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಮಾರ್ಕ್ ಪ್ರಿಚರ್ಡ್ ಜೊತೆ ಮಾಡಿದ 'ಟಾಲ್ ಟೇಲ್ಸ್' ಯಾರಾದರೂ ಕೇಳಿದ್ದೀರಾ?

ಕಾಫಿಕಣ:
ಕೇಳಿದ್ದೇನೆ. ಗಿಟಾರ್ ಹುಡುಕಬೇಡಿ, ಬರೀ ಹಳೇ ಸಿಂಥ್‌ಗಳು, ಎಲೆಕ್ಟ್ರಾನಿಕ್ ವಾದ್ಯಗಳು. ಕುಯ್ಲು ಮುಗಿದ ಮೇಲೆ ಕೇಳಿ.