ಅಲ್ಯೂಮಿನಿಯಂ ಪುಡಿಗೆ ಟೈಟೇನಿಯಂ ಡೈಬೋರೈಡ್ ಬೆರೆಸಿದರೆ ಪದರದಲ್ಲಿ ಗೆರೆ, ಒಳಗೆ ಗಂಟು: ಏಕೆ?

ಪ್ರಶ್ನೆ
ಲೋಹದ ಪುಡಿಯನ್ನು ಪದರ ಪದರವಾಗಿ ಹಾಸಿ ಲೇಸರ್‌ನಿಂದ ಕರಗಿಸುವ 3ಡಿ ಮುದ್ರಣ ಮಾಡುತ್ತಿದ್ದೇನೆ. ಎಎಲ್‌ಎಸ್‌ಐ10ಎಂಜಿ (ಸಿಲಿಕಾನ್, ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹ) ಪುಡಿ (20–63 ಮೈಕ್ರಾನ್), ಅದಕ್ಕೆ ತೂಕದಲ್ಲಿ ಶೇ 2ರಷ್ಟು 50 ನ್ಯಾನೊಮೀಟರ್ ಟೈಟೇನಿಯಂ ಡೈಬೋರೈಡ್ ಎಂಬ ಗಟ್ಟಿ ಸೆರಾಮಿಕ್. ಪ್ಲಾನೆಟರಿ ಮಿಲ್‌ನಲ್ಲಿ (ಜಾರ್ ತಿರುಗಿಸಿ ಗುಂಡುಗಳಿಂದ ಕುಟ್ಟಿ ಬೆರೆಸುವ ಯಂತ್ರ) ಉಕ್ಕಿನ ಗುಂಡು ಹಾಕಿ 300 ಆರ್‌ಪಿಎಂನಲ್ಲಿ 4 ಗಂಟೆ ಬೆರೆಸಿದ್ದು. ಪುಡಿ ಹಾಲ್ ಫನೆಲ್‌ನಲ್ಲಿ (ಪುಡಿ ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆಯುವ ಆಲಿಕೆ) ಇಳಿಯುತ್ತಲೇ ಇಲ್ಲ. ಲೇಸರ್ 370 ವಾಟ್, ವೇಗ ಸೆಕೆಂಡಿಗೆ 1300 ಮಿ.ಮೀ., ಹ್ಯಾಚ್ (ಪಕ್ಕಪಕ್ಕದ ಲೇಸರ್ ಗೆರೆಗಳ ಅಂತರ) 0.19 ಮಿ.ಮೀ., ಪದರ 30 ಮೈಕ್ರಾನ್. ಮುದ್ರಿಸಿದ ತುಣುಕಿನ ಸಾಂದ್ರತೆ, ರಂಧ್ರವಿಲ್ಲದ ಲೋಹಕ್ಕೆ ಹೋಲಿಸಿದರೆ, ಶೇ 96 ದಾಟುತ್ತಿಲ್ಲ. ಲೇಸರ್ ಪವರ್ ಏರಿಸಬೇಕೆ? ಅಗ್ಗವೆಂದು ಸಿಲಿಕಾನ್ ಕಾರ್ಬೈಡ್ ಹಾಕಬಹುದೆ?

ಉತ್ತರ 1
ಲೇಸರ್ ಮುಟ್ಟಬೇಡಿ, ತಪ್ಪಿರುವುದು ಬೆರೆಸುವುದರಲ್ಲಿ. ಅಷ್ಟು ವೇಗದಲ್ಲಿ ಅಷ್ಟು ಹೊತ್ತು ಕುಟ್ಟಿದರೆ ದುಂಡು ಕಣ ಚಪ್ಪಟೆಯಾಗುತ್ತದೆ, ಆಮೇಲೆ ಅದು ಹರಿಯುವುದಿಲ್ಲ. ಉಕ್ಕಿನ ಗುಂಡು ಸವೆದು ಕಬ್ಬಿಣವೂ ಸೇರುತ್ತದೆ. ಅಲ್ಯೂಮಿನಿಯಂನಲ್ಲಿ ಕಬ್ಬಿಣ ಪೆಡಸಾದ ಸೂಜಿಗಳಾಗಿ ಕೂರುತ್ತದೆ. ಗುಂಡು ಜಿರ್ಕೋನಿಯಾದ್ದಿರಲಿ.

ಮೊದಲು ನ್ಯಾನೊ ಪುಡಿಯನ್ನು ಮಾತ್ರ ನೀರಿಲ್ಲದ ಐಸೊಪ್ರೊಪನಾಲ್‌ನಲ್ಲಿ ಅಲ್ಟ್ರಾಸಾನಿಕ್‌ಗೆ ಹಿಡಿದು ಗಂಟು ಬಿಡಿಸಿ. ಅಲ್ಯೂಮಿನಿಯಂ ಪುಡಿ ಆಮೇಲೆ ಸೇರಲಿ. ಕಲಕುತ್ತಲೇ ದ್ರಾವಕ ಆರಿಸಿ, ವ್ಯಾಕ್ಯೂಮ್ ಓವನ್‌ನಲ್ಲಿ 80–100 ಡಿಗ್ರಿಗೆ ಒಣಗಿಸಿ. ನಂತರ ಆರ್ಗಾನ್ ತುಂಬಿದ ಜಾರ್‌ನಲ್ಲಿ 100–150 ಆರ್‌ಪಿಎಂ, 10 ನಿಮಿಷ ಓಡಿಸಿ 5 ನಿಮಿಷ ನಿಲ್ಲಿಸುತ್ತ ಒಟ್ಟು 2 ಗಂಟೆಯಿಂದ ಶುರು ಮಾಡಿ. ಕೊನೆಗೆ ಜರಡಿ. ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿದರೆ ಚಪಾತಿ ಉಂಡೆಗೆ ಒಣಹಿಟ್ಟು ಸವರಿದಂತೆ ಕಾಣಬೇಕು, ಉಂಡೆ ಮಾತ್ರ ದುಂಡಗೇ ಇರಬೇಕು. ಹಾಗೆ ಕಾಣುವವರೆಗೆ ಮಷಿನ್‌ಗೆ ಪುಡಿ ತುಂಬಬೇಡಿ.

ಕರಗಿದ ಲೋಹದಲ್ಲಿ ಗಂಟು ತಾನೇ ಒಡೆಯುತ್ತದೆಂದು ನಂಬುವಂತಿಲ್ಲ. ಡೈಬೋರೈಡ್ ಕರಗಲು 3200 ಡಿಗ್ರಿಗೂ ಹೆಚ್ಚು ಬೇಕು, ಮೆಲ್ಟ್ ಪೂಲ್ (ಲೇಸರ್ ಕೆಳಗೆ ಕರಗಿದ ಲೋಹದ ಪುಟ್ಟ ಕೊಳ) ಬದುಕುವುದೋ ಮಿಲಿಸೆಕೆಂಡಿನ ಲೆಕ್ಕದಲ್ಲಿ. ಗಂಟು ಗಂಟಾಗಿಯೇ ಉಳಿದು ಸುತ್ತ ರಂಧ್ರ ಬಿಡುತ್ತದೆ.

ಉತ್ತರ 2
ಸಿಲಿಕಾನ್ ಕಾರ್ಬೈಡ್ ಬೇಡವೇ ಬೇಡ. ಲೇಸರ್ ಬಿಸಿಗೆ ಅದು ಅಲ್ಯೂಮಿನಿಯಂ ಜೊತೆ ಸೇರಿ ಅಲ್ಯೂಮಿನಿಯಂ ಕಾರ್ಬೈಡ್ ಆಗುತ್ತದೆ. ಅದು ಪೆಡಸು, ಸಾಲದ್ದಕ್ಕೆ ತೇವ ತಗುಲಿದರೆ ಮೀಥೇನ್ ಬಿಟ್ಟು ಕರಗಿಹೋಗುತ್ತದೆ.

ಇನ್ನೊಂದು, ಕಣ ಸೇರಿಸುವ ಉದ್ದೇಶ ಮೊದಲು ಗೊತ್ತಿರಬೇಕು. ಎಎಲ್‌ಎಸ್‌ಐ10ಎಂಜಿಯಲ್ಲಿ ಸಿಲಿಕಾನ್ ಧಾರಾಳ, ಗಟ್ಟಿಯಾಗುವಾಗ ಬಿರುಕು ಬಿಡುವ ಚಾಳಿ ಕಡಿಮೆ. ಇಲ್ಲಿ ಡೈಬೋರೈಡ್ ಗ್ರೇನ್ (ಲೋಹದೊಳಗಿನ ಹರಳು) ಸಣ್ಣದು ಮಾಡಿ ಬಲ ಕೊಡುತ್ತದೆ. 7075 ಎಂಬ ಹೆಚ್ಚು ಬಲದ ಅಲ್ಯೂಮಿನಿಯಂ ಮಿಶ್ರಲೋಹದ ಸಮಸ್ಯೆಯೇ ಬೇರೆ, ಅದು ಉದ್ದಕಂಬದಂಥ ಗ್ರೇನ್‌ಗಳ ನಡುವೆ ಸೀಳುತ್ತದೆ. ಅಮೆರಿಕದ ಸಂಶೋಧನಾ ಸಂಸ್ಥೆ ಎಚ್‌ಆರ್‌ಎಲ್ ಲ್ಯಾಬೊರೇಟರೀಸ್‌ನವರು 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದ ದಾರಿ ಜಿರ್ಕೋನಿಯಂನದು: ಪುಡಿಯ ಮೇಲೆ ಕೂರಿಸಿದ ನ್ಯಾನೊ ಕಣಗಳಿಂದ ಅಲ್3ಜೆಡ್‌ಆರ್ (ಅಲ್ಯೂಮಿನಿಯಂ–ಜಿರ್ಕೋನಿಯಂ ಸಂಯುಕ್ತ) ಹುಟ್ಟಿ, ಅದರ ಮೇಲೆ ಸಣ್ಣ ಸಮಗಾತ್ರದ ಗ್ರೇನ್‌ಗಳು ಬೆಳೆದು, ಬಿರುಕು ನಿಂತಿತು.

ಉತ್ತರ 3
ಆ ಶೇ 96 ಯಾವ ಸಾಂದ್ರತೆಗೆ ಹೋಲಿಸಿದ್ದು? ಘನ ಸೆಂ.ಮೀ.ಗೆ ಗ್ರಾಂ ಲೆಕ್ಕದಲ್ಲಿ ಬರೀ ಮಿಶ್ರಲೋಹ 2.67, ಡೈಬೋರೈಡ್ 4.52, ನಿಮ್ಮ ಮಿಶ್ರಣದ್ದು 2.69 ಆಗುತ್ತದೆ. 2.67 ಹಿಡಿದಿದ್ದರೆ ನಿಜವಾದ ಅಂಕಿ ಇನ್ನೂ ಸುಮಾರು ಶೇ 0.8 ಕಡಿಮೆ.

ಕಣ ಅಂಟಿದ ಪುಡಿ ಬರೀ ಅಲ್ಯೂಮಿನಿಯಂಗಿಂತ ಲೇಸರ್ ಹೆಚ್ಚು ಹೀರುತ್ತದೆ, ಹಾಗಾಗಿ ಪವರ್ ಏರಿಸಿದರೆ ಕೀಹೋಲ್ ರಂಧ್ರದ (ಬಿಸಿ ಹೆಚ್ಚಾಗಿ ಲೋಹ ಆವಿಯಾಗಿ ಆಳದಲ್ಲಿ ಉಳಿಯುವ ರಂಧ್ರ) ಅಪಾಯ. ಪುಡಿ ಸರಿಹೋದ ಮೇಲೆ 370 ವಾಟ್ ಹಾಗೇ ಇಟ್ಟು, ವೇಗವನ್ನಷ್ಟೇ 1100ರಿಂದ 1600ರವರೆಗೆ ಬದಲಿಸಿ 10 ಮಿ.ಮೀ. ಘನಗಳನ್ನು ಮುದ್ರಿಸಿ, ಕತ್ತರಿಸಿ ಪಾಲಿಷ್ ಮಾಡಿ ನೋಡಿ. ದುಂಡು ರಂಧ್ರ ಕಂಡರೆ ಶಕ್ತಿ ಜಾಸ್ತಿ, ಅಂಕುಡೊಂಕಾಗಿದ್ದರೆ ಕಡಿಮೆ.

ಮಿಲ್ ಜಾರ್ ಪೂರ್ತಿ ತಣ್ಣಗಾದ ಮೇಲೆ ಗ್ಲೋವ್ ಬಾಕ್ಸ್‌ನಲ್ಲೇ (ಒಳಗೆ ಗಾಳಿ ಇಲ್ಲದೆ ಆರ್ಗಾನ್‌ನಂಥ ಅನಿಲ ತುಂಬಿದ, ಕೈಗವಸು ಜೋಡಿಸಿದ ಪೆಟ್ಟಿಗೆ) ತೆರೆಯಿರಿ. ಹೊಸ ಮೈ ತೆರೆದ ಅಲ್ಯೂಮಿನಿಯಂ ಪುಡಿಗೆ ಗಾಳಿ ತಾಗಿದರೆ ಹೊತ್ತಿಕೊಳ್ಳಬಹುದು.