ಥರ್ಮಾಕೋಲ್ ವಿಮಾನಕ್ಕೆ ಏನು ಹಚ್ಚಬೇಕು?

ಪ್ರಶ್ನೆ (ಕಲಬುರಗಿ): ಸರ್, ನಾನೂ ಮಗನೂ ಸೇರಿ ಥರ್ಮಾಕೋಲ್ ಶೀಟಿನಲ್ಲಿ ಒಂದು ಮೀಟರ್ ರೆಕ್ಕೆಯ ಆರ್‌ಸಿ (ರಿಮೋಟಿನಿಂದ ಹಾರಿಸುವ) ವಿಮಾನ ಮಾಡಿದ್ದೇವೆ. ಚೆನ್ನಾಗಿಯೇ ಹಾರುತ್ತದೆ. ಆದರೆ ಕೈ ತಾಗಿದಲ್ಲೆಲ್ಲ ಕಾಳು ಉದುರುತ್ತವೆ. ಉಳಿದ ತುಂಡಿಗೆ ಸ್ಪ್ರೇ ಪೇಂಟ್ ಹೊಡೆದರೆ ಕರಗಿ ಗುಂಡಿ ಬಿತ್ತು. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?

ಉತ್ತರ (ಏರೋಮಾಡೆಲಿಂಗ್ ತರಬೇತುದಾರ): ತುಂಡಿನ ಮೇಲೆ ನೋಡಿದ್ದು ಒಳ್ಳೇದೇ ಆಯಿತು. ಥರ್ಮಾಕೋಲ್ ಅಂದರೆ ಪಾಲಿಸ್ಟೈರೀನ್. ಸ್ಪ್ರೇ ಪೇಂಟ್, ಥಿನ್ನರ್, ಪೆಟ್ರೋಲ್ ಯಾವುದು ತಾಗಿದರೂ ಕರಗುತ್ತದೆ. ಫೆವಿಕ್ವಿಕ್, ಚಪ್ಪಲಿ ಅಂಟಿಸುವ ರಬ್ಬರ್ ಅಂಟು ಕೂಡ ಅದನ್ನು ತಿನ್ನುತ್ತವೆ. ನೀರಿನಲ್ಲಿ ಕಲಸುವ ಬಣ್ಣ, ಬಿಳಿ ಫೆವಿಕಾಲ್ ಆದರೆ ಹೆದರಬೇಕಿಲ್ಲ.

ನಾನಾದರೆ ಮೊದಲು ಪ್ಯಾಕಿಂಗ್ ಟೇಪ್ ಹಚ್ಚುತ್ತೇನೆ. ನುಣುಪಾದ ಉಜ್ಜು ಕಾಗದದಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ. ಪುಡಿ ಉಳಿದರೆ ಟೇಪ್ ಅದಕ್ಕೇ ಅಂಟುತ್ತದೆ, ರೆಕ್ಕೆಗಲ್ಲ. ಹಿಂದಿನ ಅಂಚಿನಿಂದ ಶುರು ಮಾಡಿ ಮುಂದಕ್ಕೆ ಬನ್ನಿ. ಆಗ ಗಾಳಿ ಟೇಪಿನ ಅಂಚನ್ನು ಎಬ್ಬಿಸುವುದಿಲ್ಲ. ಟೇಪನ್ನು ಎಳೆದು ಹಚ್ಚಬೇಡಿ. ಮೇಲೆ ಒಂದು ಪಟ್ಟಿ, ಕೆಳಗೆ ಒಂದು ಪಟ್ಟಿ ಅಂತ ಹೋಗಿ. ಒಂದೇ ಬದಿ ಮುಗಿಸಿಬಿಟ್ಟರೆ ರೆಕ್ಕೆ ಆ ಕಡೆಗೆ ಬಾಗುತ್ತದೆ.

ಆದರೆ ವಿಮಾನ ಪೂರ್ತಿ ಮುಚ್ಚಲೇಬೇಕು ಅಂತೇನಿಲ್ಲ. ಸಾಮಾನ್ಯ ಟೇಪ್ ಚದರ ಮೀಟರಿಗೆ ಸುಮಾರು 45 ಗ್ರಾಂ ತೂಗುತ್ತದೆ. ನಿಮ್ಮ ರೆಕ್ಕೆ 20 ಸೆಂ.ಮೀ. ಅಗಲ ಇದ್ದರೆ ಎರಡೂ ಬದಿಗೆ 18 ಗ್ರಾಂ ಆಯಿತು. ರೆಕ್ಕೆಯ ಮುಂದಿನ ಅಂಚು, ಮೂತಿ, ಹೊಟ್ಟೆ, ಇಷ್ಟಕ್ಕೆ ಗಟ್ಟಿಯಾಗಿ ಹಚ್ಚಿದರೂ ಸಾಕು. ನಮ್ಮ ಕಡೆ ಇಳಿಸೋದು ತೊಗರಿ ಕೊಯ್ದ ಎರೆಹೊಲದಲ್ಲೇ ಅಲ್ವಾ? ಆ ಕೂಳೆ ಚುಚ್ಚಿದರೆ ಬರೀ ಥರ್ಮಾಕೋಲ್ ಉಳಿಯುವುದಿಲ್ಲ. ಹೊಟ್ಟೆಗೆ ಎರಡು ಪದರ ಟೇಪ್, ಅದರ ಮೇಲೆ ನೀರಿನ ಬಾಟಲಿಯಿಂದ ಕತ್ತರಿಸಿದ ಪಟ್ಟಿ ಹಾಕಿ.

ಪ್ರಶ್ನೆ (ಯಾದಗಿರಿ): ಅಣ್ಣಾ, ಟೇಪ್ ಮಿಂಚುತ್ತದೆ, ನೋಡೋಕೆ ಚೆಂದ ಅನಿಸಲ್ಲ. ಪೇಪರ್ ಅಂಟಿಸಬಹುದಾ?

ಉತ್ತರ: ಅಂಟಿಸಬಹುದು. ದಿನಪತ್ರಿಕೆ ಬೇಡ, ಭಾರ ಆಗುತ್ತದೆ. ಪತಂಗದ (ಗಾಳಿಪಟದ) ತೆಳು ಕಾಗದ ತನ್ನಿ, ಬಿಳಿಯದ್ದೇ ತನ್ನಿ. ಬಣ್ಣದ್ದು ಒದ್ದೆಯಾದರೆ ಬಣ್ಣ ಬಿಡುತ್ತದೆ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ, ಬ್ರಷ್‌ನಿಂದ ಕಾಗದದ ಮೇಲಿಂದಲೇ ಹಚ್ಚಿ. ಒಣಗಿದ ಮೇಲೆ ರೆಕ್ಕೆ ಸ್ವಲ್ಪ ಬಿಗಿಯಾಗುತ್ತದೆ. ಕೆಲಸ ಜಾಸ್ತಿ, ಆದರೆ ಬಣ್ಣ ಚೆನ್ನಾಗಿ ಕೂಡುತ್ತದೆ. ಒಂದು ಮಾತು: ಫೆವಿಕಾಲ್ ಒಣಗಿದರೂ ನೀರು ತಾಗಿದರೆ ಮೆತ್ತಗಾಗುತ್ತದೆ. ಮೇಲೆ ಒಂದು ತೆಳು ಕೈ ಎಮಲ್ಷನ್ (ಗೋಡೆಗೆ ಹಚ್ಚುವ ನೀರಿನ ಬಣ್ಣ) ಇರಲಿ.

ಪ್ರಶ್ನೆ (ಕಲಬುರಗಿ): ಸರ್, ನಿನ್ನೆ ಟೇಪ್ ಹಚ್ಚಿದೆ. ಇವತ್ತು ಬಿಸಿಲಿಗೆ ಇಟ್ಟರೆ ಗುಳ್ಳೆ ಎದ್ದಿವೆ.

ಉತ್ತರ: ಒಳಗೆ ಸಿಕ್ಕಿದ ಗಾಳಿ ಬಿಸಿಗೆ ಉಬ್ಬುತ್ತದೆ. ಸೂಜಿಯಿಂದ ಚುಚ್ಚಿ ಬಟ್ಟೆಯಿಂದ ಒತ್ತಿಬಿಡಿ. ಇಸ್ತ್ರಿ ಪೆಟ್ಟಿಗೆಯ ಆಸೆ ಬೇಡ. ಬಿಸಿ ಸ್ವಲ್ಪ ಹೆಚ್ಚಾದರೂ ಥರ್ಮಾಕೋಲ್ ಕುಗ್ಗಿ ಹೋಗುತ್ತದೆ. ಮೇ ತಿಂಗಳಲ್ಲಿ ಬಾಗಿಲು ಹಾಕಿದ ಕಾರಿನಲ್ಲಿ ವಿಮಾನವನ್ನೂ ಬಿಡಬೇಡಿ, ಅದರ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನಂತೂ ಬಿಡಲೇಬೇಡಿ.

ಪ್ರಶ್ನೆ (ಬೀದರ್): ಸರ್, ಮಗಳಿಗೆ ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳ ಕೆಂಪು-ಬಿಳಿ ಬಣ್ಣವೇ ಬೇಕಂತೆ. ದಿನಾ ತಲೆ ಮೇಲೆ ಹಾರೋದು ನೋಡಿ ಹಟ ಹಿಡಿದಿದ್ದಾಳೆ.

ಉತ್ತರ: ಬೀದರಿನಲ್ಲಿ ಬೇರೆ ಬಣ್ಣ ಕೇಳಿದರೇ ಆಶ್ಚರ್ಯ! ಪೇಂಟ್ ಅಂಗಡಿಯಲ್ಲಿ ಬಿಳಿ ಎಮಲ್ಷನ್‌ನ ಸಣ್ಣ ಡಬ್ಬಿ ತನ್ನಿ. ಆದರೆ ಅದಕ್ಕೆ ಕೆಂಪು ಸ್ಟೇನರ್ (ಬಣ್ಣಕ್ಕೆ ಬೆರೆಸುವ ಗಾಢ ದ್ರವ) ಹಾಕಿದರೆ ಬರೋದು ಗುಲಾಬಿಯೇ, ಜಾಸ್ತಿ ಸುರಿದರೆ ಬಣ್ಣ ಒಣಗುವುದಿಲ್ಲ. ಗಾಢ ಕೆಂಪಿಗೆ ಚಿತ್ರ ಬರೆಯುವ ಅಕ್ರಿಲಿಕ್ ಬಣ್ಣವೇ ಸರಿ. ಸ್ಪಂಜಿನಿಂದ ತಟ್ಟಿ ತಟ್ಟಿ ಹಚ್ಚಿ. ಹೊಟ್ಟೆ ಪೂರ್ತಿ ಕೆಂಪು, ಮೇಲೆ ಬಿಳಿ ಜಾಸ್ತಿ ಇರಲಿ. ದೂರ ಹೋದಾಗ ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗುತ್ತದೆ, ಬಿಸಿಲಿಗೂ ಬಿಳಿ ಒಳ್ಳೇದು.

ಬಾಲಕ್ಕೆ ಮಾತ್ರ ಕೈ ಬಿಗಿ ಹಿಡಿಯಿರಿ. ಅಲ್ಲಿ ಒಂದು ಗ್ರಾಂ ಕೂಡಿದರೆ ಮೂತಿಗೆ ಎರಡು-ಮೂರು ಗ್ರಾಂ ಹಾಕಬೇಕಾಗುತ್ತದೆ. ಬಣ್ಣ ಒಣಗಿದ ಮೇಲೆ ರೆಕ್ಕೆಯ ಕೆಳಗೆ ಬೆರಳಿಟ್ಟು ತೂಕ ನೋಡಿ. ನೇರ ರೆಕ್ಕೆಯಾದರೆ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗದ ಹತ್ತಿರ ಸಮ ನಿಲ್ಲಬೇಕು. ನಿಲ್ಲದಿದ್ದರೆ ಮೊದಲು ಬ್ಯಾಟರಿ ಸರಿಸಿ ನೋಡಿ.

ಇನ್ನೊಂದು, ಊರಲ್ಲೇ ವಾಯುನೆಲೆ ಇದೆ. ಹಾರಿಸೋ ಜಾಗವನ್ನು ಡಿಜಿಟಲ್ ಸ್ಕೈ (ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರಿ ಜಾಲತಾಣ) ನಕ್ಷೆಯಲ್ಲಿ ನೋಡಿಕೊಳ್ಳಿ. ಕೆಂಪು ವಲಯದಲ್ಲಿದ್ದರೆ ಅಲ್ಲಿ ಬೇಡವೇ ಬೇಡ, ಊರು ಬಿಟ್ಟು ದೂರ ಹೋಗಿ.