ನ್ಯೂಯಾರ್ಕ್ ಹಾರ್ಬರ್‌ಗೆ ಆಯ್ಸ್ಟರ್ (ಚಿಪ್ಪಿನೊಳಗಿರೋ ಸಿಂಪಿ) ಬಿಡ್ತಿದಾರಲ್ಲ, ನೀರು ನಿಜವಾಗ್ಲೂ ಕ್ಲೀನ್ ಆಗುತ್ತಾ?

ಜರ್ಸಿಸಿಟಿ_ಕನ್ನಡಿಗ:
ಹೋದ ವೀಕೆಂಡ್ ಮಕ್ಕಳನ್ನ ಕರ್ಕೊಂಡು ಹಾರ್ಬರ್ ಮಧ್ಯದ ಗವರ್ನರ್ಸ್ ಐಲ್ಯಾಂಡ್‌ಗೆ ಹೋಗಿದ್ವಿ, ಅಲ್ಲಿ ಚಿಪ್ಪಿನ ರಾಶಿ ರಾಶಿನೇ ಬಿದ್ದಿದೆ. ರೆಸ್ಟೋರೆಂಟ್‌ಗಳಲ್ಲಿ ಜನ ತಿಂದು ಬಿಟ್ಟಿದ್ದಂತೆ, ಈ ಆಯ್ಸ್ಟರ್ ಬಿಡೋ ಸಂಸ್ಥೆ ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್‌ನವ್ರು ತಂದು ಹಾಕಿರೋದು, ಒಂದು ವರ್ಷ ಹಾಗೇ ಬಿಸಿಲು ಮಳೇಲಿ ಬಿದ್ದಿರ್ಬೇಕಂತೆ. 2035ರೊಳಗೆ ನೂರು ಕೋಟಿ ಆಯ್ಸ್ಟರ್ ಗುರಿ. ಒಂದೊಂದೂ ದಿನಕ್ಕೆ 50 ಗ್ಯಾಲನ್ ನೀರು ಸೋಸುತ್ತೆ ಅಂತಾರೆ, ಇದು ನಿಜಾನಾ? ಇಷ್ಟೆಲ್ಲ ಮಾಡಿ ತಿನ್ನೋ ಹಾಗೂ ಇಲ್ವಲ್ಲ, ಯಾಕೆ?

ಕಡಲಜೀವಿ:
50 ಗ್ಯಾಲನ್ ಅಂದ್ರೆ ಸುಮಾರು 190 ಲೀಟರ್, ಅದು ಚೆನ್ನಾಗಿ ಬೆಳೆದ ಆಯ್ಸ್ಟರ್ ಬೆಚ್ಚಗಿನ ನೀರಲ್ಲಿ ಜಾಸ್ತಿ ಅಂದ್ರೆ ಸೋಸೋ ಲೆಕ್ಕ, ಚಳಿಗಾಲದಲ್ಲಿ ಕೆಲಸ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ಕಿವಿರಿಂದ ನೀರು ಎಳ್ಕೊಂಡು ಪಾಚಿ ತಿನ್ನುತ್ತೆ, ಬೇಡದ್ದನ್ನ ಲೋಳೇಲಿ ಸುತ್ತಿ ಹೊರಗೆ ಹಾಕುತ್ತೆ, ಅದು ತಳಕ್ಕೆ ಕೂರುತ್ತೆ, ಅಲ್ಲಿನ ಬ್ಯಾಕ್ಟೀರಿಯಾ ಅದರಲ್ಲಿರೋ ನೈಟ್ರೋಜನ್‌ನಲ್ಲಿ ಒಂದಷ್ಟನ್ನ ಗ್ಯಾಸ್ ಮಾಡಿ ಬಿಡುತ್ತೆ.

ಆದ್ರೆ ನನ್ನ ಕೇಳಿದ್ರೆ ಸೋಸೋದಕ್ಕಿಂತ ದೊಡ್ಡದು ಜಾಗ ಕಟ್ಟೋದು. ಮರಿ ಎರಡು ಮೂರು ವಾರ ಈಜಾಡ್ಕೊಂಡಿದ್ದು, ಆಮೇಲೆ ಒಂದು ಪುಟ್ಟ ಕಾಲು ಚಾಚಿ ತಡಕಾಡಿ ಗಟ್ಟಿ ಜಾಗ ಸಿಕ್ರೆ ಅಲ್ಲೇ ಅಂಟ್ಕೊಳ್ಳುತ್ತೆ, ಮತ್ತೆ ಜನ್ಮದಲ್ಲಿ ಅಲ್ಲಾಡಲ್ಲ. ಅದಕ್ಕೆ ಅಚ್ಚುಮೆಚ್ಚು ಹಳೇ ಆಯ್ಸ್ಟರ್ ಚಿಪ್ಪೇ. ಹಾರ್ಬರ್ ತಳ ಈಗ ಬಹಳ ಕಡೆ ಬರೀ ಕೆಸರು, ಬಂದ ಮರಿ ಹೂತು ಸಾಯುತ್ತೆ. ನೀವು ನೋಡಿದ ರಾಶಿ ಅದಕ್ಕೇ. ಟ್ಯಾಂಕಲ್ಲಿ ಚಿಪ್ಪಿಗೆ ಮರಿ ಅಂಟಿಸಿ ನೀರಿಗೆ ಬಿಡ್ತಾರೆ, ಒಂದರ ಮೇಲೊಂದು ಬೆಳೆದ್ರೆ ಸಂದಿ ಸಂದೀಲಿ ಏಡಿ, ಸೀಗಡಿ, ಸಣ್ಣ ಮೀನು ಎಲ್ಲ ಬಂದು ಸೇರ್ಕೊಳ್ತವೆ.

ಬ್ರೂಕ್ಲಿನ್‌ಭಟ್ಟ:
ತಿನ್ನೋ ವಿಷ್ಯಕ್ಕೆ ಬರ್ತೀನಿ. 1609ರಲ್ಲಿ ಹೆನ್ರಿ ಹಡ್ಸನ್ ಅನ್ನೋ ಇಂಗ್ಲಿಷ್ ನಾವಿಕ ಬಂದಾಗ ಇಲ್ಲಿ ಸುಮಾರು 2,20,000 ಎಕರೆ ಆಯ್ಸ್ಟರ್ ದಿಬ್ಬ ಇತ್ತು ಅಂತ ಅಂದಾಜು. ಬಾಚಿ ಬಾಚಿ ತಿಂದ್ರು, ದಡದ ನೀರಿಗೆ ಮಣ್ಣು ತುಂಬಿಸಿದ್ರು, ಚರಂಡಿ ನೀರು ಬಿಟ್ರು, 1927ಕ್ಕೆ ಕೊನೇ ಆಯ್ಸ್ಟರ್ ಜಾಗಾನೂ ಬಂದ್. 1972ರ ಕ್ಲೀನ್ ವಾಟರ್ ಆ್ಯಕ್ಟ್ ಬಂದ್ಮೇಲೆ ನೀರು ತುಂಬಾ ಸುಧಾರಿಸಿದೆ, ಇಲ್ದಿದ್ರೆ ಈಗ ಬಿಟ್ಟಿದ್ದೂ ಬದುಕ್ತಿರ್ಲಿಲ್ಲ. ಆದ್ರೆ ಸಿಟಿಯ ಅರ್ಧಕ್ಕಿಂತ ಜಾಸ್ತಿ ಭಾಗದಲ್ಲಿ ಮಳೆನೀರಿಗೂ ಟಾಯ್ಲೆಟ್ ನೀರಿಗೂ ಒಂದೇ ಪೈಪು, ಜೋರು ಮಳೆ ಬಂದ್ರೆ ಎರಡೂ ಸೇರಿ ಸೀದಾ ಹಾರ್ಬರ್‌ಗೆ. ಆ ನೀರಿನ ರೋಗಾಣು ಎಲ್ಲ ಆಯ್ಸ್ಟರ್ ಮೈಯಲ್ಲಿ ಸೇರ್ಕೊಳ್ಳುತ್ತೆ, ಜನ ಆಯ್ಸ್ಟರನ್ನ ಸಾಮಾನ್ಯವಾಗಿ ಹಸೀದೇ ತಿನ್ನೋದು, ಅದಕ್ಕೇ ಇಲ್ಲಿಂದು ತಿನ್ನೋ ಹಾಗಿಲ್ಲ. ಆಯ್ಸ್ಟರ್ ಇದೆಯಲ್ಲ ಇನ್ನೇನು ಅಂದ್ಕೊಂಡು ಪೈಪ್ ರಿಪೇರಿ ಮುಂದಕ್ಕೆ ಹಾಕೋ ಮಾತು ಕೇಳಿದ್ರೆ ನಂಗೆ ಸಿಟ್ಟೇ ಬರುತ್ತೆ.

ಜರ್ಸಿಸಿಟಿ_ಕನ್ನಡಿಗ:
ಥ್ಯಾಂಕ್ಸ್ ಇಬ್ರಿಗೂ. ಮಗಳು ತಾನೂ ಹೋಗಿ ಕೆಲಸ ಮಾಡ್ಬೇಕು ಅಂತಿದಾಳೆ, ಬಿಡ್ತಾರಾ?

ಕಡಲಜೀವಿ:
ವಾಲಂಟಿಯರ್ ದಿನ ಅಂತ ಇಡ್ತಾರೆ, ವಯಸ್ಸಿನ ರೂಲ್ ಮೊದ್ಲೇ ಕೇಳ್ಕೊಳಿ. ಹಳೇ ಬಟ್ಟೆ, ಮುಚ್ಚಿರೋ ಶೂ, ದಪ್ಪ ಗ್ಲೌಸ್ ಬೇಕೇ ಬೇಕು, ಚಿಪ್ಪಿನ ಅಂಚು ಬ್ಲೇಡ್ ಥರ ಕುಯ್ದುಬಿಡುತ್ತೆ.